ರೈಲು ಹಳಿ ಪಕ್ಕದ ಬಿಳಿ ಕಾರು: ಕ್ಲೇ ಬಾರ್ ಮನೆಯಲ್ಲೇ ಹಾಕಬಹುದೇ?

ಪ್ರಶ್ನೆ: ನಮ್ಮದು ಮೂರು ವರ್ಷದ ಬಿಳಿ ಹ್ಯಾಚ್‌ಬ್ಯಾಕ್. ಮನೆ ಬೆಂಗಳೂರಿನ ಬೈಯಪ್ಪನಹಳ್ಳಿ ಕಡೆ, ರೈಲು ಹಳಿಗೆ ಹತ್ತಿರ. ಕಾರು ನಿಲ್ಲುವುದು ರಸ್ತೆ ಬದಿಯ ಮಳೆಮರದ ಕೆಳಗೆ. ಎಷ್ಟು ತೊಳೆದರೂ ಟಾಪ್ ಮತ್ತು ಡಿಕ್ಕಿ ಮೇಲಿನ ಸಣ್ಣ ಕಂದು ಚುಕ್ಕೆಗಳು ಹೋಗುತ್ತಿಲ್ಲ, ಕೈಯಾಡಿಸಿದರೆ ತರಿತರಿ. ಕಳೆದ ತಿಂಗಳು ಮುಂದಿನ ಬಂಪರ್‌ಗೆ ಪೇಂಟ್ ಮಾಡಿಸಿದೆವು, ಆಮೇಲಿನಿಂದ ಬಾನೆಟ್‌ನ ಮುಂದಿನ ಅಂಚೂ ಒರಟಾಗಿದೆ. ಅಂಟಿದ ಕೊಳೆ ಕೀಳುವ ಕ್ಲೇ ಬಾರ್ ಎಂಬ ಮೆತ್ತನೆಯ ಮುದ್ದೆಯಲ್ಲಿ ಉಜ್ಜಿ ಎಂದು ಕೆಲವರು, ಬಣ್ಣವೇ ಹೋಗುತ್ತದೆ ಎಂದು ಇನ್ನು ಕೆಲವರು. ಮನೆಯಲ್ಲಿ ನಾವೇ ಮಾಡಬಹುದೇ? ಮಕ್ಕಳು ಆಡುವ ಕ್ಲೇ ನಡೆಯುತ್ತದೆಯೇ?

ಉತ್ತರ: ಮಾಡಬಹುದು. ಒಂದು ಭಾನುವಾರದ ಬೆಳಗಿನ ಕೆಲಸ. ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ: ಮಕ್ಕಳ ಕ್ಲೇ ಬೇಡ. ಅದು ಹಿಟ್ಟು ಉಪ್ಪಿನಿಂದಲೋ ಮೇಣ ಎಣ್ಣೆಯಿಂದಲೋ ಮಾಡಿದ್ದು. ಕಾರಿಗೆ ಮೆತ್ತಿಕೊಳ್ಳುತ್ತದೆಯೇ ಹೊರತು ಕೂತಿದ್ದನ್ನು ಕೀಳುವುದಿಲ್ಲ. ಗಣೇಶನ ಮೂರ್ತಿಗೆ ಬಳಸುವ ಜೇಡಿಮಣ್ಣಂತೂ ಬೇಡವೇ ಬೇಡ, ಎಷ್ಟು ನಯವಾಗಿ ಕಂಡರೂ ಅದರೊಳಗೆ ಮರಳಿನ ಕಣ ಇದ್ದೇ ಇರುತ್ತದೆ. ಅದರಲ್ಲಿ ಉಜ್ಜಿದ ಕಾರಿಗೆ ಆಮೇಲೆ ಬೇಕಾಗುವುದು ಪೇಂಟರ್.

ಅಂಗಡಿಯಲ್ಲಿ ಸಿಗುವ ಕ್ಲೇ ಬಾರ್‌ನಲ್ಲಿ ಮಣ್ಣೇ ಇಲ್ಲ. ಹಿಗ್ಗುವ, ಅಂಟುವ ಗುಣದ ಸಿಂಥೆಟಿಕ್ ರೆಸಿನ್‌ಗೆ ತೀರಾ ನುಣುಪಾದ ಉಜ್ಜುಪುಡಿ ಸೇರಿಸಿ ಮಾಡಿರುತ್ತಾರೆ. ಜಪಾನಿನ ತಡಾವೊ ಕೊಡಾಟೆ 1990ರ ದಶಕದಲ್ಲಿ ಇದಕ್ಕೆ ಅಮೆರಿಕದ ಪೇಟೆಂಟ್ ಪಡೆದಾಗ ಬಾಗುವ ಸಾಣೆಕಲ್ಲು ಎಂದೇ ಅದನ್ನು ವಿವರಿಸಿದ್ದರು. ಬಣ್ಣ ಹೋಗುತ್ತದೆ ಎಂದು ನಿಮ್ಮನ್ನು ಹೆದರಿಸಿದವರ ಮಾತಿನಲ್ಲಿ ಹುರುಳಿಲ್ಲದಿಲ್ಲ ಎಂದಾಯಿತು. ಒಣ ಮೈಮೇಲೆ, ಒತ್ತಿ ಉಜ್ಜಿದರೆ ಅದು ಸಾಣೆಕಲ್ಲೇ. ನಡುವೆ ಜಾರುವ ದ್ರವ ಇದ್ದಾಗ ಕ್ಲೇ ಬಣ್ಣದ ಮೇಲೆ ತೇಲುತ್ತಾ ಸಾಗುತ್ತದೆ, ಮೇಲೆ ಎದ್ದು ನಿಂತದ್ದು ಮಾತ್ರ ಅದಕ್ಕೆ ಸಿಕ್ಕಿ ಕಿತ್ತು ಬರುತ್ತದೆ.

ಕಂಪನಿ ಪೇಂಟ್ ಎಂದರೆ ಪ್ರೈಮರ್, ಬಣ್ಣ, ಅದರ ಮೇಲೆ ಪಾರದರ್ಶಕ ಪದರವಾದ ಕ್ಲಿಯರ್ ಕೋಟ್, ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ. ಒಂದು ಮಿಲಿಮೀಟರಿಗೆ ಸಾವಿರ ಮೈಕ್ರಾನ್, ಲೆಕ್ಕ ಹಾಕಿಕೊಳ್ಳಿ. ಅದರಲ್ಲಿ ಕ್ಲಿಯರ್ ಕೋಟ್ 35ರಿಂದ 50 ಮೈಕ್ರಾನ್ ಇದ್ದರೆ ಹೆಚ್ಚು. ಕ್ರಮ ತಪ್ಪದೆ ಕ್ಲೇ ಹಾಕಿದರೆ ಇದರಿಂದ ಲೆಕ್ಕಕ್ಕೆ ಬರುವಷ್ಟು ಸವೆಯುವುದಿಲ್ಲ. ನಿಜ ಹೇಳಬೇಕೆಂದರೆ, ದಿನಾ ಬೆಳಿಗ್ಗೆ ಒಂದೇ ಬಕೆಟ್ ನೀರಿನಲ್ಲಿ ಅದೇ ಬಟ್ಟೆ ಅದ್ದಿ ಬೀದಿಯ ಹತ್ತು ಕಾರು ಒರೆಸಿ ಹೋಗುತ್ತಾರಲ್ಲ, ಬಿಸಿಲಲ್ಲಿ ಜೇಡರ ಬಲೆಯಂತೆ ಕಾಣುವ ಗೀರುಗಳಲ್ಲಿ ಬಹುಪಾಲು ಆ ಒರೆಸುವಿಕೆಯದೇ. ಅದಕ್ಕೆ ಯಾರೂ ಹೆದರುವುದಿಲ್ಲ.

ಈಗ ನಿಮ್ಮ ಕಾರಿನ ವಿಷಯ. ನೀವು ಒಂದು ತೊಂದರೆ ಎಂದುಕೊಂಡಿದ್ದೀರಿ, ನನಗೆ ಅದರಲ್ಲಿ ಮೂರು ಕಾಣುತ್ತಿವೆ.

ಟಾಪ್, ಡಿಕ್ಕಿ ಮೇಲಿನ ಕಂದು ಚುಕ್ಕೆ ಹೆಚ್ಚುಕಡಿಮೆ ಖಚಿತವಾಗಿ ಕಬ್ಬಿಣದ ಪುಡಿ. ರೈಲಿನ ಚಕ್ರ ಹಳಿಗೆ, ಬ್ರೇಕ್ ಬ್ಲಾಕ್ ಚಕ್ರಕ್ಕೆ ಉಜ್ಜಿದಾಗ ಕಣ್ಣಿಗೆ ಕಾಣದ ಲೋಹದ ಚೂರುಗಳು ಹಾರುತ್ತವೆ. ನಮ್ಮ ನಿಮ್ಮ ಕಾರುಗಳ ಬ್ರೇಕ್ ಡಿಸ್ಕ್‌ನಿಂದಲೂ ಹಾರುತ್ತವೆ, ಆದರೆ ಹಳಿ ಪಕ್ಕದಲ್ಲಿ ಪ್ರಮಾಣ ಜಾಸ್ತಿ. ಇವು ಹೆಚ್ಚಾಗಿ ಬಂದು ಕೂತದ್ದು ಅಡ್ಡವಾಗಿಯೋ ಓರೆಯಾಗಿಯೋ ಇರುವ ಭಾಗಗಳ ಮೇಲೆ, ಅದಕ್ಕೇ ನಿಮಗೆ ಟಾಪ್, ಡಿಕ್ಕಿಯಲ್ಲಿ ಕಂಡಿದೆ, ಡೋರ್‌ಗಳಲ್ಲಿ ಕಂಡಿಲ್ಲ. ಮಂಜು, ಮಳೆ ಬಿದ್ದಂತೆ ಚೂರು ತುಕ್ಕು ಹಿಡಿಯುತ್ತದೆ, ಸುತ್ತ ಕಂದು ಬಣ್ಣ ಬಿಡುತ್ತದೆ. ಭೂತಗನ್ನಡಿ ಹಿಡಿದು ನೋಡಿದರೆ ನಡುವೆ ಕಪ್ಪು ಬಿಂದು, ಸುತ್ತ ಕಿತ್ತಳೆ ಉಂಗುರ ಕಾಣುತ್ತದೆ. ಕಪ್ಪು ಕಾರಿನಲ್ಲೂ ಇಷ್ಟೇ ಇರುತ್ತದೆ, ಕಣ್ಣಿಗೆ ಬೀಳುವುದಿಲ್ಲ ಅಷ್ಟೆ.

ಮಳೆಮರದಿಂದ ಬೀಳುವ ಅಂಟು ಎರಡನೆಯದು. ಬಾನೆಟ್ ಅಂಚಿನ ಒರಟು ಮೂರನೆಯದು, ಅದು ಬೇರೆಯೇ ಕಥೆ, ಆಮೇಲೆ ಹೇಳುತ್ತೇನೆ.

ಕಬ್ಬಿಣದ ಪುಡಿಗೆ ಎಲ್ಲರೂ ನೇರವಾಗಿ ಕ್ಲೇ ಹಿಡಿದು ಹೊರಡುತ್ತಾರೆ. ನಾನು ಹಾಗೆ ಮಾಡಬೇಡಿ ಎನ್ನುವವನು. ಚೂರಿನ ಬುಡ ಕ್ಲಿಯರ್ ಕೋಟ್‌ನಲ್ಲಿ ನೆಟ್ಟಿರುತ್ತದೆ. ಕ್ಲೇ ಅದರ ತಲೆಯನ್ನು ಹಾರಿಸುತ್ತದೆ, ಕೈಗೆ ನುಣ್ಣಗೆ ಸಿಗುತ್ತದೆ, ನೀವು ಖುಷಿಯಾಗುತ್ತೀರಿ. ಬುಡ ಅಲ್ಲೇ ಉಳಿದಿದ್ದರೆ ಮುಂದಿನ ಮಳೆಗೆ ಅದೇ ಜಾಗದಲ್ಲಿ ಕಂದು ಮತ್ತೆ ಮೂಡುತ್ತದೆ. ಮೇಲಾಗಿ ಕಿತ್ತ ಲೋಹದ ಚೂರು ಕ್ಲೇಗೆ ಅಂಟಿಕೊಂಡು ಪಕ್ಕದ ಬಣ್ಣದ ಮೇಲೆ ಎಳೆದಾಡುತ್ತದೆ. ಆದ್ದರಿಂದ ಮೊದಲು ಐರನ್ ರಿಮೂವರ್ ಎಂಬ ಸ್ಪ್ರೇ. ಬಹುತೇಕ ಬ್ರಾಂಡುಗಳಲ್ಲಿ ಇರುವುದು ಥಯೋಗ್ಲೈಕೊಲೇಟ್ ಬಳಗದ ರಾಸಾಯನಿಕ, ಸಲೂನಿನಲ್ಲಿ ಕೂದಲು ಗುಂಗುರು ಮಾಡುವ ದ್ರಾವಣದಲ್ಲೂ ಇರುವಂಥದ್ದು. ಅದು ಕಬ್ಬಿಣದ ಜತೆ ಸೇರಿ ನೀರಲ್ಲಿ ಕರಗುವ ವಸ್ತುವಾಗುತ್ತದೆ, ಬಣ್ಣ ನೇರಳೆಗೆ ತಿರುಗುತ್ತದೆ. ತೊಳೆದು ಶುಭ್ರವಾಯಿತೆಂದುಕೊಂಡ ಬಿಳಿ ಡಿಕ್ಕಿ ಮೇಲೆ ಇದನ್ನು ಹೊಡೆದು ಎರಡು ನಿಮಿಷ ನಿಂತು ನೋಡಿ. ಒಂದೊಂದು ಚುಕ್ಕೆಯಿಂದಲೂ ನೇರಳೆ ಗೆರೆ ಇಳಿಯತೊಡಗುತ್ತದೆ.

ಇದನ್ನು ತಣ್ಣಗಿರುವ ಮೈಮೇಲೆ, ನೆರಳಿನಲ್ಲಿ ಹೊಡೆಯಬೇಕು. ಮೂರರಿಂದ ಐದು ನಿಮಿಷ ಬಿಡಿ, ಒಣಗುವ ಮೊದಲೇ ಧಾರಾಳವಾಗಿ ನೀರು ಹಾಕಿ ತೊಳೆಯಿರಿ. ನೇರಳೆ ತುಂಬಾ ಬಂದರೆ ಇನ್ನೊಂದು ಸಲ. ವಾಸನೆ ಮಾತ್ರ ಕೆಟ್ಟದ್ದು, ಬೇಸ್‌ಮೆಂಟಿನಲ್ಲಿ ಮಾಡಿದರೆ ಅಪಾರ್ಟ್‌ಮೆಂಟಿನವರು ಗ್ಯಾಸ್ ಸೋರಿತೆಂದು ಕೆಳಗಿಳಿದು ಬಂದಾರು. ಗಾಳಿಯಾಡುವ ಜಾಗ, ಕೈಗೆ ಗ್ಲೌಸ್ ಇರಲಿ, ಬೇರೆ ಯಾವ ಕ್ಲೀನರ್ ಜತೆಗೂ ಬೆರೆಸಬೇಡಿ. ಎಷ್ಟೋ ಕಾರುಗಳಲ್ಲಿ ಇಷ್ಟಕ್ಕೇ ಅರ್ಧ ಕೆಲಸ ಮುಗಿದಿರುತ್ತದೆ, ಕ್ಲೇಗೆ ಉಳಿಯುವುದು ಸ್ವಲ್ಪ.

ಅದಕ್ಕೂ ಮೊದಲು ತೊಳೆಯುವುದು. ಇದನ್ನು ಎಲ್ಲರೂ ಬಲ್ಲರು, ಆದರೂ ನೀರಿನ ಬಗ್ಗೆ ಎರಡು ಮಾತು. ಬೆಂಗಳೂರು ಜಲಮಂಡಳಿ 2024ರ ಮಾರ್ಚ್‌ನಲ್ಲಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತು ಮಾಡಿತ್ತು, 2025ರ ಫೆಬ್ರುವರಿಯಲ್ಲೂ ಅಂಥದೇ ಆದೇಶ ಬಂತು. ಹಾಗಾಗಿ ಹೆಚ್ಚಿನವರ ಕೈಗೆ ಸಿಗುವುದು ಬೋರ್‌ವೆಲ್ ನೀರು. ತೊಳೆಯಲು ಅಡ್ಡಿಯಿಲ್ಲ, ಆದರೆ ಮೈಮೇಲೆ ಒಣಗಲು ಬಿಟ್ಟರೆ ಸುಣ್ಣದ ಬಿಳಿ ಉಂಗುರ ಉಳಿಯುತ್ತದೆ, ಕೂಡಲೇ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ. ಆರ್‌ಒ ಫಿಲ್ಟರ್‌ನಿಂದ ಹೊರಹೋಗುವ ನೀರನ್ನು ಹಿಡಿದಿಟ್ಟು ಕಾರು ತೊಳೆಯುವ ಮನೆಗಳು ಬಹಳ. ಉಳಿತಾಯದ ಬುದ್ಧಿ ಮೆಚ್ಚಬೇಕಾದ್ದೇ, ಆದರೆ ಫಿಲ್ಟರ್ ತಡೆದ ಲವಣವೆಲ್ಲ ಇರುವುದು ಆ ನೀರಿನಲ್ಲೇ. ಅದನ್ನು ನೆಲ ಒರೆಸಲು ಇಟ್ಟುಕೊಳ್ಳಿ. ಮಳೆನೀರು ಹಿಡಿದಿದ್ದರೆ ಕಾರಿಗೆ ಅದಕ್ಕಿಂತ ಒಳ್ಳೆಯ ನೀರಿಲ್ಲ.

ತೊಳೆಯುವಾಗಲೇ ಮರದ ಅಂಟು, ಕೆಳಭಾಗದ ಡಾಂಬರು ಚುಕ್ಕೆ ತೆಗೆದುಬಿಡಿ. ಅಂಟು ಹಸಿಯಿದ್ದರೆ ಬೆಚ್ಚಗಿನ ಶಾಂಪೂ ನೀರಿಗೆ ಹೋಗುತ್ತದೆ. ಗಟ್ಟಿಯಾಗಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯನ್ನು ಅರ್ಧ ನಿಮಿಷ ಅದರ ಮೇಲಿಟ್ಟು ಮೃದುವಾಗಿ ಒರೆಸಿ, ಮೇಲೆ ನೀರು ಹಾಕಿ. ಡಾಂಬರಿಗೆ ಟಾರ್ ರಿಮೂವರ್ ಸಿಗುತ್ತದೆ. ಇವೆರಡನ್ನೂ ಕ್ಲೇಯಿಂದ ತೆಗೆಯಲು ಹೋದರೆ ಕ್ಲೇ ಐದೇ ನಿಮಿಷದಲ್ಲಿ ಕರಿಮುದ್ದೆಯಾಗಿ ಎಸೆಯಬೇಕಾಗುತ್ತದೆ.

ಈಗ ಎಲ್ಲೆಲ್ಲಿ ಕ್ಲೇ ಬೇಕು ಎಂದು ಕೈಯಿಂದಲೇ ಕೇಳಿ ತಿಳಿಯಬೇಕು. ಬ್ರೆಡ್ ಬಂದ ತೆಳುವಾದ ಕವರಿನೊಳಗೆ ಕೈ ಹಾಕಿಕೊಂಡು, ಒದ್ದೆ ಮೈಮೇಲೆ ಬೆರಳ ತುದಿ ಹಗುರವಾಗಿ ಆಡಿಸಿ. ಬರಿಗೈಗೆ ನುಣ್ಣಗೆನಿಸಿದ ಜಾಗವೂ ಕವರಿನ ಮೇಲಿಂದ ರವೆ ಚೆಲ್ಲಿದಂತೆ ಕೊರಕೊರ ಎನ್ನುತ್ತದೆ. ಪ್ಲಾಸ್ಟಿಕ್ ನಡುವೆ ಇದ್ದಾಗ ಚರ್ಮ ಅಂಟದೆ ಜಾರುತ್ತದೆ, ಆಗ ಸಣ್ಣ ಉಬ್ಬೂ ಗೊತ್ತಾಗುತ್ತದೆ. ಒರಟು ಸಿಕ್ಕ ಭಾಗಕ್ಕೆ ಮಾತ್ರ ಕ್ಲೇ. ಡೋರ್ ನುಣ್ಣಗಿದ್ದರೆ ಡೋರನ್ನು ಮುಟ್ಟಬೇಡಿ. ಹೇಗಿದ್ದರೂ ಕೈಹಾಕಿದ್ದೇನೆ, ಇಡೀ ಕಾರಿಗೆ ಒಂದು ಸುತ್ತು ಹೊಡೆದುಬಿಡೋಣ ಎನ್ನುವ ಆಸೆ ಬರುತ್ತದೆ. ಬೇಡ.

ಕೊಳ್ಳುವಾಗ ಫೈನ್ ಅಥವಾ ಮೈಲ್ಡ್ ಎಂದು ಬರೆದದ್ದನ್ನೇ ಕೊಳ್ಳಿ. ಬಣ್ಣ ನೋಡಿ ನಿರ್ಧರಿಸಬೇಡಿ, ಒಂದು ಕಂಪನಿಯ ನೀಲಿ ಮೆದು, ಇನ್ನೊಂದರ ನೀಲಿ ಒರಟು. ಹೆವಿ ಗ್ರೇಡ್ ಬಳಸಿದ ಮೇಲೆ ಮಬ್ಬು ಉಳಿಯುವುದು ಬಹುತೇಕ ಗ್ಯಾರಂಟಿ, ಅದು ಪಾಲಿಷಿಂಗ್ ಮಷಿನ್ ಇರುವವರಿಗೆ. ನಿಮ್ಮ ಗಾತ್ರದ ಕಾರಿಗೆ 100 ಗ್ರಾಂ ತುಂಡು ಸಾಕಾಗಿ ಉಳಿಯುತ್ತದೆ. ತೊಳೆದು ಬಳಸುವ ಕ್ಲೇ ಮಿಟ್, ಕ್ಲೇ ಟವೆಲ್ ಕೂಡ ಇವೆ. ಬೇಗ ಆಗುತ್ತದೆ, ಕೆಳಗೆ ಬಿದ್ದರೂ ತೊಳೆದುಕೊಳ್ಳಬಹುದು. ಆದರೂ ಮೊದಲ ಸಲದವರಿಗೆ ನಾನು ಹೇಳುವುದು ಹಳೇ ಮಾದರಿಯ ಕ್ಲೇ ತುಂಡನ್ನೇ, ಏಕೆಂದರೆ ಏನು ನಡೆಯುತ್ತಿದೆ ಎಂದು ಬೆರಳಿಗೆ ತಿಳಿಯುತ್ತದೆ.

ಜಾರಲು ಬೇಕಾದ ದ್ರವಕ್ಕೆ ಕ್ಲೇ ಲ್ಯೂಬ್ ಎಂದೇ ಬಾಟಲಿ ಸಿಗುತ್ತದೆ. ಇಲ್ಲವಾದರೆ ಒಳ್ಳೆಯ ಕಾರ್ ಶಾಂಪೂವನ್ನು ನೀರಿಗೆ ಬೆರೆಸಿ ಸ್ಪ್ರೇ ಬಾಟಲಿಗೆ ತುಂಬಿಕೊಳ್ಳಿ, ಎರಡು ಬೆರಳ ನಡುವೆ ಉಜ್ಜಿದರೆ ಸರಕ್ಕನೆ ಜಾರುವಷ್ಟಿರಲಿ. ಒಂದು ಲೀಟರ್ ಮಾಡಿಟ್ಟುಕೊಳ್ಳಿ, ಉಳಿದರೆ ಉಳಿಯಲಿ. ಕೆಲವು ಶಾಂಪೂಗೆ ಕ್ಲೇ ಪುಡಿಪುಡಿಯಾಗುವುದುಂಟು, ಅದಕ್ಕೆ ಮೊದಲು ಚೂರು ತುಂಡನ್ನು ಆ ನೀರಿನಲ್ಲಿ ಹತ್ತು ನಿಮಿಷ ನೆನೆಹಾಕಿ ನೋಡಿ. ಪಾತ್ರೆ ತೊಳೆಯುವ ಲಿಕ್ವಿಡ್ ಬೇಡ, ಬರೀ ನೀರಂತೂ ಸಾಲದೇ ಸಾಲದು.

ಜಾಗ ನೆರಳಾಗಿರಲಿ, ನಿಮ್ಮ ಮಳೆಮರದ ನೆರಳು ಬೇಡ. ಕಟ್ಟಡದ ನೆರಳು ಬೀಳುವ ಕಡೆ, ಬಿಸಿಲೇರುವ ಮೊದಲು. ಬಾನೆಟ್ ಕಾದಿದ್ದರೆ ದ್ರವ ಕ್ಷಣದಲ್ಲಿ ಆರುತ್ತದೆ, ಕ್ಲೇ ಮೆತ್ತಗಾಗಿ ಬಣ್ಣಕ್ಕೆ ಬಳಿದುಕೊಳ್ಳುತ್ತದೆ. ಡಿಸೆಂಬರ್, ಜನವರಿ ಬೆಳಿಗ್ಗೆ ಇದರ ತಿರುವುಮುರುವು: ಕ್ಲೇ ಕಲ್ಲಾಗಿರುತ್ತದೆ. ಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ಇಟ್ಟರೆ ಹದಕ್ಕೆ ಬರುತ್ತದೆ.

ಇಡೀ ಬಾರ್ ಕೈಗೆತ್ತಿಕೊಳ್ಳಬೇಡಿ. ಮೂರು ಭಾಗ ಮಾಡಿ ಎರಡನ್ನು ಡಬ್ಬಿಯಲ್ಲಿಡಿ. ಒಂದನ್ನು ಚೆನ್ನಾಗಿ ನಾದಿ ನಿಪ್ಪಟ್ಟಿನಂತೆ ತಟ್ಟಿಕೊಳ್ಳಿ, ಮೂರು ನಾಲ್ಕು ಬೆರಳು ಅದರ ಮೇಲೆ ಹರಡಿ ಕೂರಬೇಕು. ಟಾಪ್‌ನಿಂದ ಶುರು. ಒಂದೂವರೆ ಅಡಿ ಚೌಕದಷ್ಟು ಜಾಗಕ್ಕೆ ದ್ರವ ಹೊಡೆಯಿರಿ, ಕ್ಲೇಗೂ ಹೊಡೆಯಿರಿ. ನೇರ ಗೆರೆಯಲ್ಲಿ ಹಿಂದೆ ಮುಂದೆ, ಗುಂಡಗೆ ಸುತ್ತಿಸಬೇಡಿ. ಒತ್ತಡವೇ ಬೇಡ, ಕೈಯ ಭಾರ ಸಾಕು. ಕ್ಲೇ ತಡೆದು ತಡೆದು ಸಾಗುತ್ತಿದ್ದರೆ ದ್ರವ ಸಾಲದು, ಇನ್ನಷ್ಟು ಹೊಡೆಯಿರಿ. ಮೊದಮೊದಲು ಬೆರಳಿನಡಿ ಸರಸರ ಸದ್ದು ಕೇಳಿಸುತ್ತದೆ, ಸಣ್ಣ ತಡೆ ಸಿಗುತ್ತದೆ. ಹತ್ತು ಹನ್ನೆರಡು ಸಲ ಆಡಿಸುವಷ್ಟರಲ್ಲಿ ಸದ್ದು ಕಮ್ಮಿಯಾಗುತ್ತ ಹೋಗಿ ಕ್ಲೇ ತಾನೇ ಜಾರತೊಡಗುತ್ತದೆ. ಅಲ್ಲಿಗೆ ನಿಲ್ಲಿಸಿ. ಸದ್ದು ನಿಂತ ಮೇಲೂ ಉಜ್ಜುವುದರಿಂದ ಬರುವುದು ಗೀರು ಮಾತ್ರ.

ತಕ್ಷಣ ಕ್ಲೇ ಮಗುಚಿ ನೋಡಿ. ಹಳಿ ಪಕ್ಕದ ಕಾರಾದ್ದರಿಂದ ಕಂದು, ಬೂದು ಗೆರೆಗಳು ಎದ್ದು ಕಾಣುತ್ತವೆ. ಆ ಮುಖವನ್ನು ಒಳಗೆ ಮಡಿಚಿ, ನಾದಿ, ಹೊಸ ಮುಖ ತೆಗೆದು ಮತ್ತೆ ತಟ್ಟಿ. ಪ್ರತಿ ಚೌಕಕ್ಕೂ ಹೀಗೆಯೇ. ಎಷ್ಟು ನಾದಿದರೂ ಬೂದು ಬಣ್ಣವೇ ಬರುತ್ತಿದ್ದರೆ ಆ ತುಂಡಿನ ಆಯುಸ್ಸು ಮುಗಿಯಿತು. ಮುಗಿಸಿದ ಚೌಕವನ್ನು ಒರೆಸಿ, ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ಗೀರು ಬಿದ್ದಿದೆಯೇ ನೋಡಿಯೇ ಮುಂದಿನದಕ್ಕೆ ಹೋಗಿ. ಬಿಳಿಯ ಮೇಲೆ ಸಣ್ಣ ಗೀರು ಕಾಣುವುದೇ ಕಷ್ಟ, ಆ ಮಟ್ಟಿಗೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಕಪ್ಪು ಕಾರಿನವರು ಕ್ಲೇ ನಂತರ ಪಾಲಿಷ್ ಇದ್ದೇ ಇದೆ ಎಂದುಕೊಂಡೇ ಇಳಿಯಬೇಕು. ಬಾಗಿಲಿನ ಕೆಳಭಾಗ, ಚಕ್ರದ ಹಿಂದಿನ ಭಾಗ ಕೊನೆಗಿರಲಿ, ಅಲ್ಲಿ ಮುಟ್ಟಿದ ಕ್ಲೇ ಮತ್ತೆ ಮೇಲಕ್ಕೆ ಹೋಗಬಾರದು.

ಕ್ಲೇ ಕೆಳಗೆ ಬಿದ್ದರೆ? ಎಸೆಯಿರಿ. ತೊಳೆದು ಬಳಸುತ್ತೇನೆ, ಬಿದ್ದ ಕಡೆ ಕಿತ್ತು ಹಾಕುತ್ತೇನೆ ಎಂಬ ಲೆಕ್ಕಾಚಾರ ಬೇಡ. ಸಿಮೆಂಟ್ ನೆಲದ ಒಂದು ಕಾಳು ಮರಳು ಅದರಲ್ಲಿ ಹೂತರೆ ನಿಮ್ಮ ಕಣ್ಣಿಗೆ ಕಾಣುವುದು ಟಾಪ್ ಮೇಲೆ ಉದ್ದ ಗೀರು ಎದ್ದ ನಂತರವೇ. ಮೂರು ಭಾಗ ಮಾಡಿ ಎಂದದ್ದು ಇದಕ್ಕೇ, ಬಿದ್ದರೆ ಹೋಗುವುದು ಒಂದು ಪಾಲು.

ಈಗ ಬಾನೆಟ್ ಅಂಚು. ಬಂಪರ್ ಪೇಂಟ್ ಆದ ಮೇಲೆಯೇ ಒರಟಾಯಿತು ಎಂದಿದ್ದೀರಿ. ಕಂದು ಚುಕ್ಕೆ ಅಲ್ಲಿಲ್ಲ, ಸಣ್ಣ ಸ್ಯಾಂಡ್‌ಪೇಪರ್ ಮುಟ್ಟಿದಂತೆ ಒಂದೇ ಸಮ ತರಿ ಇದೆ ಎಂದಾದರೆ ಅದು ಓವರ್‌ಸ್ಪ್ರೇ. ಗನ್‌ನಿಂದ ಹಾರಿದ ಪೇಂಟಿನ ಹನಿಗಳು ಗಾಳಿಯಲ್ಲೇ ಅರ್ಧ ಒಣಗಿ, ಪೇಂಟ್ ತಾಗದಂತೆ ಹೊದಿಸುವ ಮಾಸ್ಕಿಂಗ್ ಸರಿಯಾಗಿ ಮುಚ್ಚದ ಕಡೆ ಬಂದು ಕೂತಿವೆ. ಹೆಡ್‌ಲೈಟ್ ಗಾಜು, ಮುಂದಿನ ಗಾಜಿನ ಕೆಳಭಾಗವನ್ನೂ ಮುಟ್ಟಿ ನೋಡಿ, ಅಲ್ಲೂ ಅದೇ ತರಿ ಸಿಕ್ಕರೆ ಅನುಮಾನವೇ ಬೇಡ. ಕ್ಲೇ ಅತ್ಯಂತ ಚೆನ್ನಾಗಿ ಕೆಲಸ ಮಾಡುವುದು ಇಂಥದ್ದಕ್ಕೆ. ಹನಿಗಳು ಮೇಲೆ ಕೂತಿರುತ್ತವೆ, ಒಳಗೆ ಇಳಿದಿರುವುದಿಲ್ಲ, ಹಾಗಾಗಿ ಐರನ್ ರಿಮೂವರ್‌ಗೆ ಜಗ್ಗುವುದೂ ಇಲ್ಲ. ತಾಳ್ಮೆಯಿಂದ ಎರಡು ಮೂರು ಸುತ್ತು ಹಾಕಿದರೆ ಹೋಗುತ್ತದೆ. ಆದರೆ ಬಂಪರ್ ಮುಟ್ಟಬೇಡಿ. ಗ್ಯಾರೇಜಿನ ಪೇಂಟ್ ಕಂಪನಿ ಪೇಂಟಿನಷ್ಟು ಕಾವಿನಲ್ಲಿ ಬೆಂದಿರುವುದಿಲ್ಲ, ಪೂರ್ತಿ ಗಟ್ಟಿಯಾಗಲು ವಾರಗಳು ಹಿಡಿಯುತ್ತವೆ. ಎರಡು ಮೂರು ತಿಂಗಳು ಬರೀ ತೊಳೆದುಕೊಂಡಿರಿ, ವ್ಯಾಕ್ಸ್ ಕೂಡ ಬೇಡ.

ಹಾಗೆಯೇ ಹೊಳಪಿಲ್ಲದ ಮ್ಯಾಟ್ ಬಣ್ಣಕ್ಕೆ ಕ್ಲೇ ಹಾಕುವಂತಿಲ್ಲ, ಅಲ್ಲಲ್ಲಿ ಹೊಳಪು ಬಂದು ಕಾರು ತೇಪೆ ಹಾಕಿದಂತಾಗುತ್ತದೆ. ಸೆರಾಮಿಕ್ ಕೋಟಿಂಗ್ ಮಾಡಿಸಿದವರು ಮಾಡಿಸಿದ ಅಂಗಡಿಯಲ್ಲೇ ಕೇಳಬೇಕು, ಕ್ಲೇ ಆ ಪದರವನ್ನು ಸವೆಸುತ್ತದೆ. ಕ್ಲಿಯರ್ ಕೋಟ್ ಇಲ್ಲದ ಹಳೆಯ ಸಾಲಿಡ್ ಬಣ್ಣದ ಕಾರಾದರೆ ಕ್ಲೇಗೆ ಸ್ವಲ್ಪ ಬಣ್ಣವೇ ಹತ್ತಬಹುದು, ಅಲ್ಲಿ ಕೈ ಇನ್ನೂ ಹಗುರವಿರಲಿ.

ಕ್ಲೇಗೆ ಹೋಗದವೂ ಇವೆ. ಗೀರು ಹೋಗುವುದಿಲ್ಲ, ಅದು ಹಳ್ಳ, ಕ್ಲೇ ತೆಗೆಯುವುದು ದಿಬ್ಬವನ್ನು. ಹಕ್ಕಿ ಹಿಕ್ಕೆ ಬಿಸಿಲಲ್ಲಿ ಕೂತು ಕ್ಲಿಯರ್ ಕೋಟ್ ತಿಂದಿದ್ದರೆ ಆ ಕಲೆಯೂ ಪಾಲಿಷ್‌ನ ಪಾಲು. ಬೋರ್‌ವೆಲ್ ನೀರಿನ ಬಿಳಿ ಉಂಗುರಕ್ಕೆ ಬಿಳಿ ವಿನೆಗರಿಗೆ ಅಷ್ಟೇ ನೀರು ಸೇರಿಸಿ ಒಂದೆರಡು ನಿಮಿಷ ಇಟ್ಟು ತೊಳೆದು ನೋಡಿ, ಹೋಗದಿದ್ದರೆ ಅದೂ ಒಳಗಿಳಿದಿದೆ ಎಂದರ್ಥ. ನಿಮ್ಮ ಕಡೆ ಕಟ್ಟಡ ಕೆಲಸ ಜಾಸ್ತಿ. ಸಿಮೆಂಟ್ ನೀರು ತೊಟ್ಟಿಕ್ಕಿ ಗಟ್ಟಿಯಾಗಿದ್ದರೆ ಅದನ್ನು ಕ್ಲೇಯಿಂದಾಗಲಿ ಉಗುರಿನಿಂದಾಗಲಿ ಕೀಳಲು ಹೋಗಬೇಡಿ, ಒಳಗೆ ಮರಳಿರುತ್ತದೆ. ಅದೊಂದನ್ನು ಡಿಟೇಲಿಂಗ್ ಅಂಗಡಿಗೆ ಬಿಡಿ.

ಕ್ಲೇ ಮುಗಿದ ಮೇಲೆ ಇನ್ನೊಮ್ಮೆ ತೊಳೆದು ಒಣಗಿಸಿ, ಅದೇ ದಿನ ಬಣ್ಣವನ್ನು ಕಾಯುವ ವ್ಯಾಕ್ಸ್ ಅಥವಾ ಸೀಲಂಟ್ ಹಾಕಿ. ಮೊದಲಿದ್ದ ರಕ್ಷಣೆ ಏನಿದ್ದರೂ ಕ್ಲೇ ಜತೆ ಹೋಗಿದೆ, ಬಣ್ಣ ಈಗ ಬರಿಮೈ. ಮರದಡಿ, ಬಿಸಿಲಲ್ಲಿ ನಿಲ್ಲುವ ಕಾರಿಗೆ ಕಾರ್ನೌಬಾ ಎಂಬ ಸಸ್ಯಮೇಣದ ವ್ಯಾಕ್ಸ್‌ಗಿಂತ ಸಿಂಥೆಟಿಕ್ ಸೀಲಂಟ್ ಹೆಚ್ಚು ದಿನ ಬಾಳುತ್ತದೆ. ರಕ್ಷಣೆ ಇದ್ದಾಗ ಹಳಿಯ ಪುಡಿ ಬೀಳುವುದು ನಿಲ್ಲುವುದಿಲ್ಲ, ಆದರೆ ಅಂಟಿ ಕೂರುವುದು ಕಮ್ಮಿಯಾಗುತ್ತದೆ, ತೊಳೆದಾಗಲೇ ಬಹಳಷ್ಟು ಹೋಗುತ್ತದೆ.

ಮತ್ತೆ ಯಾವಾಗ? ತಿಂಗಳಿಗೊಮ್ಮೆ ಎನ್ನುವವರ ಮಾತು ಕೇಳಬೇಡಿ. ನಿಮ್ಮಂಥ ಜಾಗದಲ್ಲಿ ಐರನ್ ರಿಮೂವರ್ ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಹಾಕಿ. ಕ್ಲೇ ವರ್ಷಕ್ಕೊಂದು ಸಲ, ಅದೂ ಬ್ರೆಡ್ ಕವರಿನ ಪರೀಕ್ಷೆಯಲ್ಲಿ ಒರಟು ಸಿಕ್ಕರೆ. ಉಳಿದ ತುಂಡುಗಳಿಗೆ ಒಂದಿಷ್ಟು ಲ್ಯೂಬ್ ಹೊಡೆದು ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಡಿ, ಒಣಗಿ ಬಿರುಕು ಬಿಟ್ಟ ಕ್ಲೇ ಕೆಲಸಕ್ಕೆ ಬರುವುದಿಲ್ಲ. ಈ ಸಲ ಬಳಸಿ ಬೂದಾದ ತುಂಡನ್ನು ಎಸೆಯುವ ಮುನ್ನ, ಅದು ನೆಲಕ್ಕೆ ಬಿದ್ದಿಲ್ಲವಾದರೆ, ದ್ರವ ಹೊಡೆದು ಮುಂದಿನ ಗಾಜಿನ ಮೇಲೆ ಒಂದು ಸುತ್ತು ಆಡಿಸಿ. ವೈಪರ್ ಕಿರಗುಟ್ಟುವುದಕ್ಕೆ ರಬ್ಬರ್ ಹಳೆಯದಾದದ್ದು ಒಂದೇ ಕಾರಣವಲ್ಲ, ಗಾಜಿಗೆ ಅಂಟಿದ ಕೊಳೆಯೂ ಕಾರಣ.